ಚಳಿಗಾಲದ ಕೋಣೆಯಲ್ಲಿ ಹೀಟರಿನ ಸ್ಥಾನ



ಮಾರ್ಗಶಿರ, ಪುಷ್ಯ ಮಾಸಗಳು ಹೇಮಂತ ಋತುವಿಗೂ ಮಾಘ, ಫಾಲ್ಗುಣ ಮಾಸಗಳು ಶಿಶಿರ ಋತುವಿಗೂ ಸೇರಿದವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬೀದರ, ಕಲಬುರಗಿ, ವಿಜಯಪುರ ಸೀಮೆಯಲ್ಲಿಯೇ ಡಿಸೆಂಬರ್, ಜನವರಿಯ ಕೆಲವು ಬೆಳಗಿನ ಜಾವಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬಿಸಿಲಿಗಾಗಿಯೇ ಕಟ್ಟಿದ ನಮ್ಮ ಮನೆಗಳಲ್ಲಿ ಆಗ ವೃದ್ಧರಿಗೂ ಬಾಣಂತಿಯರಿಗೂ ಎಳೆಗೂಸುಗಳಿಗೂ ರಾತ್ರಿ ಕಳೆಯುವುದು ಕಷ್ಟವಾಗುತ್ತದೆ.

ಹಿಂದೆಲ್ಲ ಈ ದಿನಗಳಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬಂದವರು ಯಾವ ಎಣ್ಣೆ ಹಚ್ಚಬೇಕು, ಯಾವ ಕಷಾಯ ಕುಡಿಯಬೇಕು ಎಂದು ಕೇಳುತ್ತಿದ್ದರು. ಈಚೆಗೆ ಮತ್ತೊಂದು ಪ್ರಶ್ನೆ ಅದರೊಡನೆ ಸೇರಿಕೊಂಡಿದೆ: “ಮನೀಗೆ ಹೀಟರ್ ತಂದೇವ್ರಿ, ಎಲ್ಲಿ ಇಡಬೇಕು?” ಇದು ವೈದ್ಯನನ್ನು ಕೇಳುವ ಪ್ರಶ್ನೆಯೇ ಎಂದು ಕೆಲವರಿಗೆ ಅನಿಸಬಹುದು. ನನ್ನ ಮಟ್ಟಿಗಂತೂ ಹೌದು. ಕೋಣೆಯಲ್ಲಿ ಬೆಂಕಿ ಎಲ್ಲಿರಬೇಕು, ಗಾಳಿ ಎಲ್ಲಿಂದ ಬರಬೇಕು ಎಂಬುದನ್ನು ಹೇಳದೆ ಬಿಟ್ಟದ್ದರಿಂದ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ತಪ್ಪು ನನ್ನದೇ ಆಗಿತ್ತು.

ನಾನು ಅರ್ಧ ಹೇಳಿದ ಮಾತು

1990ರ ದಶಕದ ಆರಂಭದ ಮಾತು. ವೃತ್ತಿಗಿಳಿದು ಐದಾರು ವರ್ಷಗಳಾಗಿದ್ದವು. ಸಮೀಪದ ಹಳ್ಳಿಯೊಂದರಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಹೆಣ್ಣುಮಗಳು ಹೆತ್ತು ಹನ್ನೆರಡು ದಿನಗಳಾಗಿದ್ದವು. ಸೊಂಟನೋವು, ಮೈಕೈ ಹರಿತ. ನೋಡಿಬಂದ ನಾನು ಬಾಣಂತಿಯಲ್ಲಿ ವಾತ ಕೆರಳುವುದು ಸಹಜವೆಂದು ವಿವರಿಸಿ, ಎಣ್ಣೆ ಮತ್ತು ಕಷಾಯ ಬರೆದುಕೊಟ್ಟು, “ಕೋಣೆಯನ್ನು ಬೆಚ್ಚಗಿಡಿ, ಗಾಳಿ ತಾಗದಂತೆ ನೋಡಿಕೊಳ್ಳಿ” ಎಂದು ಹೇಳಿ ಬಂದಿದ್ದೆ.

ಮೂರನೆಯ ದಿನ ನಸುಕಿನಲ್ಲಿ ಆ ಮನೆಯ ಹುಡುಗ ಸೈಕಲ್ ಮೇಲೆ ಓಡಿಬಂದ. ನಾನು ಹೋಗಿ ನೋಡಿದಾಗ ಬಾಣಂತಿ ತಲೆ ಎತ್ತಲಾರದೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಕೂಸು ಅಳುವುದನ್ನು ಬಿಟ್ಟಿತ್ತು. ಮೊಲೆಗೆ ಹಚ್ಚಿದರೆ ಬಾಯಿ ತೆರೆಯುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿದ್ದ ತಾಯಿಗೂ ತಲೆ ಸುತ್ತು. ಹೊರಸಿನ ಕೆಳಗೆ ಶೇಗಡಿಯ ತುಂಬ ಇದ್ದಿಲ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಹೊಸದಾಗಿ ಕಟ್ಟಿಸಿದ ಆರ್.ಸಿ.ಸಿ. ಛಾವಣಿಯ ಕೋಣೆ. ಒಂದೇ ಕಿಟಕಿ; ಅದರ ಸಂದಿಗೆಲ್ಲ ಹಳೆಯ ಸೀರೆಯ ಚೂರುಗಳನ್ನು ತುರುಕಿದ್ದರು. ಬಾಗಿಲ ಕೆಳಗೂ ಗೋಣಿಚೀಲ. ಆ ತಾಯಿ ನನ್ನತ್ತ ನೋಡಿ, “ಡಾಕ್ಟರ್ ಸಾಹೇಬ್ರ, ಗಾಳಿ ಬಡೀಬಾರ್ದಂತ ನೀವ ಹೇಳಿದ್ರಲ್ರೀ, ಎಲ್ಲಾ ಮುಚ್ಚೀವ್ರಿ. ಹೊಗಿ ಸುದ್ದಾ ಇಲ್ರಿ, ಬರೇ ಕೆಂಡ” ಎಂದರು.

ಎಲ್ಲರನ್ನೂ ಎತ್ತಿ ಅಂಗಳಕ್ಕೆ ತಂದೆವು. ಜೀಪು ಹಿಡಿದು ತಾಲೂಕು ಆಸ್ಪತ್ರೆಗೆ ಹೋಗಿ ಆಮ್ಲಜನಕ ಕೊಡಿಸಿದೆವು. ಸಂಜೆಯ ಹೊತ್ತಿಗೆ ಕೂಸು ಹಾಲು ಕುಡಿಯಿತು. ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತೋ ಎಂಬ ವಿಚಾರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ಮನೆಯವರು ನನ್ನ ಮಾತನ್ನು ಮೀರಿರಲಿಲ್ಲ, ಅಕ್ಷರಶಃ ಪಾಲಿಸಿದ್ದರು. ಹಳೆಯ ಮಾಳಿಗೆ ಮನೆಯಾಗಿದ್ದರೆ ಮೇಲಿನ ಬೆಳಕಿಂಡಿಯಿಂದ ಕೆಟ್ಟ ಗಾಳಿ ಹೊರಗೆ ಹೋಗುತ್ತಿತ್ತು. ಹೊಸ ಕೋಣೆಗೆ ಅಂಥ ಕಿಂಡಿ ಇರಲಿಲ್ಲ. ನಾನು ಅದನ್ನು ಗಮನಿಸಿಯೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

ಚರಕರು ಹೇಳಿದ ಅಗ್ನಿಗೃಹ

ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ ವಾಗ್ಭಟರು, ಕೆಂಡದ ಕಾವಿನಿಂದ ಬೆಚ್ಚಗಾದ ಒಳಕೋಣೆಯಲ್ಲಿ ಇರುವವರನ್ನು ಚಳಿಯು ಬಾಧಿಸದು ಎಂಬ ಅರ್ಥದ ಮಾತನ್ನು ಹೇಳಿದ್ದಾರೆ. ಕಾಲೇಜಿನಲ್ಲಿ ಕಲಿತ ಆ ಮಾತು ನನ್ನ ನೆನಪಿನಲ್ಲಿತ್ತು. ಅದರ ಜೊತೆಗೆ ಓದಿಕೊಳ್ಳಬೇಕಾದ ಇನ್ನೊಂದು ಭಾಗವನ್ನು ನಾನು ಮರೆತಿದ್ದೆ. ಅದು ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವಾದ ಸ್ವೇದಾಧ್ಯಾಯದಲ್ಲಿದೆ.

ಅಲ್ಲಿ ಜೇಂತಾಕವೆಂಬ ಸ್ವೇದನ ವಿಧಾನದ ವರ್ಣನೆ ಬರುತ್ತದೆ. ಅದಕ್ಕಾಗಿ ದುಂಡನೆಯ ಮನೆಯೊಂದನ್ನು ಕಟ್ಟಬೇಕು; ಅದರ ಎತ್ತರ ಹಾಗೂ ಅಗಲ 16 ಅರತ್ನಿ. ಅರತ್ನಿಯೆಂದರೆ ಮೊಣಕೈಯಿಂದ ಕಿರುಬೆರಳ ತುದಿಯವರೆಗಿನ ಅಳತೆ. ಹಾಗಾಗಿ ಮನೆ ಇಪ್ಪತ್ತು ಅಡಿಗೂ ಮಿಕ್ಕಿದ್ದು. ಗೋಡೆಗೆ ಮಣ್ಣಿನ ಗಿಲಾವು. ಅದಕ್ಕೆ ಅನೇಕ ವಾತಾಯನಗಳು, ಎಂದರೆ ಗಾಳಿಕಿಂಡಿಗಳು ಇರಬೇಕು. ಒಲೆಯ ಸ್ಥಾನ ಮನೆಯ ನಟ್ಟನಡುವೆ. ಅದು ಮಣ್ಣಿನದು, ಆಳೆತ್ತರದ್ದು, ಸಣ್ಣ ಸಣ್ಣ ರಂಧ್ರಗಳುಳ್ಳದ್ದು, ಮುಚ್ಚಳವಿರುವಂಥದ್ದು. ಗೋಡೆಯ ಸುತ್ತ ಬಾಗಿಲವರೆಗೂ ಒಂದು ಜಗುಲಿ. ರೋಗಿ ಮಲಗುವುದು ಅದರ ಮೇಲೆ. ಕಟ್ಟಿಗೆ ಚೆನ್ನಾಗಿ ಉರಿದು ಹೊಗೆ ಅಡಗಿದ ನಂತರವೇ ರೋಗಿಯನ್ನು ಒಳಗೆ ಬಿಡಬೇಕು. ಮೂರ್ಛೆ ಬಂದಂತಾದರೂ ಜಗುಲಿಯನ್ನು ಬಿಟ್ಟು ಕದಲಬಾರದು, ಬಾಗಿಲು ಸಿಗದೆ ಪ್ರಾಣವೇ ಹೋದೀತು ಎಂದು ರೋಗಿಗೆ ಮೊದಲೇ ಎಚ್ಚರಿಕೆ ಹೇಳಬೇಕು.

ಶಾಖ ಕೊಡುವ ಕೋಣೆಯ ಬಗ್ಗೆ ನಮಗೆ ಬೇಕಾದ ನಾಲ್ಕು ಸೂತ್ರಗಳೂ ಈ ವರ್ಣನೆಯಲ್ಲಿವೆ. ಬೆಂಕಿಗೂ ದೇಹಕ್ಕೂ ನಡುವೆ ಅಂತರವಿರಬೇಕು. ಕೆಂಡಕ್ಕೆ ಮರೆಯಿರಬೇಕು. ಕೋಣೆಗೆ ಗಾಳಿಕಿಂಡಿ ಇರಬೇಕು. ಮಲಗಿದವನಿಗೂ ಬಾಗಿಲಿಗೂ ನಡುವಿನ ದಾರಿ ತೆರವಾಗಿರಬೇಕು. ಇಂದಿನ ವಿದ್ಯುತ್ ಹೀಟರನ್ನು ಇಡುವಾಗಲೂ ಇದೇ ಲೆಕ್ಕ.

ಕೆಂಡದ ಕಾವು, ವಿದ್ಯುತ್ತಿನ ಕಾವು

ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ನಂಬಿಕೆ ಇಂದಿಗೂ ಇದೆ. ಇದ್ದಿಲಾಗಲಿ, ಕಟ್ಟಿಗೆಯಾಗಲಿ, ಕುಳ್ಳಾಗಲಿ, ಗಾಳಿ ಸಾಲದೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಆದರೆ ಮೆದುಳಿಗೆ, ಹೃದಯಕ್ಕೆ ಪ್ರಾಣವಾಯು ತಲುಪುವುದಿಲ್ಲ. ನಿದ್ರೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು. ಆದ್ದರಿಂದ ಮಲಗುವ ಕೋಣೆಯಲ್ಲಿ ಶೇಗಡಿಗೆ ಸರಿಯಾದ ಸ್ಥಾನವೆಂಬುದೇ ಇಲ್ಲ. ಬಾಣಂತಿಗೆ ಕಾವು ಕೊಡಲೇಬೇಕೆಂದರೆ ಎಲ್ಲರೂ ಎಚ್ಚರವಿರುವಾಗ, ಬಾಗಿಲು ಮತ್ತು ಕಿಟಕಿ ತೆರೆದು, ಸ್ವಲ್ಪ ಹೊತ್ತು ಮಾತ್ರ ಕೊಟ್ಟು ಕೆಂಡವನ್ನು ಅಂಗಳಕ್ಕೆ ಸಾಗಿಸಬೇಕು. ಸ್ನಾನದ ಮನೆಯ ಒಳಗೆ ಗ್ಯಾಸ್ ಗೀಸರ್ ಹಾಕಿಸಿಕೊಂಡವರಿಗೂ ಈ ಎಚ್ಚರ ಬೇಕು. ಅಪಾಯ ಅಲ್ಲಿಯೂ ಇದೇ ಅನಿಲದ್ದು.

ವಿದ್ಯುತ್ ಹೀಟರಿನಲ್ಲಿ ಏನೂ ಉರಿಯುವುದಿಲ್ಲ. ಕೆಂಪಗಾದ ಸರಳು ಕೋಣೆಯ ಆಮ್ಲಜನಕವನ್ನು ತಿಂದುಹಾಕುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಅದರಿಂದ ಕಾರ್ಬನ್ ಮೊನಾಕ್ಸೈಡ್ ಕೂಡ ಹುಟ್ಟದು. ಆದರೂ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಮಲಗಿದರೆ ಅವರ ಉಸಿರಿನಿಂದಲೇ ಗಾಳಿ ಹಳಸುತ್ತದೆ. ಗಾಳಿ ಬಿಸಿಯಾದಂತೆ ಒಣಗಿದ ಅನುಭವವಾಗಿ ಮೂಗು, ಗಂಟಲು, ಕಣ್ಣು ಉರಿಯುತ್ತವೆ. ಹೀಗಾಗಿ ವಿದ್ಯುತ್ ಹೀಟರ್ ಇದ್ದರೂ ಕಿಟಕಿಯ ಒಂದು ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಿಡುವುದು ಲೇಸು. ಮಲಗಿದವರ ಮೇಲೆ ನೇರವಾಗಿ ಬೀಸುವ ಗಾಳಿಯನ್ನು ತಡೆಯಿರಿ. ಕೋಣೆಯ ಉಸಿರನ್ನೇ ಕಟ್ಟಬೇಡಿ. ಅಂದು ನಾನು ಹೇಳದೆ ಬಿಟ್ಟ ಅರ್ಧ ಮಾತು ಇದೇ.

ಯಾವ ಹೀಟರ್ ಎಲ್ಲಿ?

ಪೇಟೆಯಲ್ಲಿ ಸಿಗುವ ಹೀಟರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕಾವು ಹರಡುವ ರೀತಿ ಬೇರೆ ಬೇರೆಯಾದ್ದರಿಂದ ಅವುಗಳ ಸ್ಥಾನವೂ ಬೇರೆ.

ಮೊದಲನೆಯದು ಕೆಂಪಗೆ ಕಾಯುವ ಸರಳಿನ ಹೀಟರ್. ಇದು ಬಿಸಿಲಿನಂತೆ ಎದುರಿಗಿದ್ದುದನ್ನು ಮಾತ್ರ ಕಾಯಿಸುತ್ತದೆ. ಇದರ ಬೆನ್ನು ಬರಿದಾದ ಗೋಡೆಯ ಕಡೆಗೂ ಮುಖ ಕುಳಿತವರ ಕಡೆಗೂ ಇರಲಿ. ನಡುವೆ ನಾಲ್ಕೈದು ಅಡಿ ಅಂತರವಿರಲಿ. ಕಾವು ಮುಖಕ್ಕೆ ಹೊಡೆಯದೆ ಮೈಗೆ ತಾಗಲಿ. ಮಂಚದ ಪಕ್ಕಕ್ಕೆ ಇದು ಸಲ್ಲದು. ನಿದ್ರೆಯಲ್ಲಿ ಜಾರಿದ ಹೊದಿಕೆಯ ಸೆರಗು ತಾಗಿದರೆ ಸಾಕು.

ಎರಡನೆಯದು ಬಿಸಿಗಾಳಿ ಊದುವ ಬ್ಲೋವರ್. ಚಿಕ್ಕ ಕೋಣೆಯನ್ನು ಬೇಗ ಬೆಚ್ಚಗೆ ಮಾಡುತ್ತದೆ. ಕೋಣೆಯ ತೆರವಾದ ಮೂಲೆಯೊಂದರಲ್ಲಿ ಬರಿ ನೆಲದ ಮೇಲಿಟ್ಟು ಗಾಳಿಯನ್ನು ಕೋಣೆಯ ನಡುಭಾಗಕ್ಕೆ ತಿರುಗಿಸಬೇಕು. ಹಿಂದಿನ ಜಾಲರಿಯಿಂದ ಅದು ಗಾಳಿ ಎಳೆದುಕೊಳ್ಳುವುದರಿಂದ ಹಿಂಬದಿಗೂ ಜಾಗ ಬಿಡಬೇಕು. ಹತ್ತಿಯ ಗಾದಿ, ಕೌದಿಗಳ ನವಿರು ಒಳಗೆ ಹೋಗಬಾರದು. ಉಬ್ಬಸದವರಿಗೆ ಒಣ ಗಾಳಿಯೂ ಅದರೊಡನೆ ಏಳುವ ಧೂಳೂ ಸೇರುವುದಿಲ್ಲ. ವರ್ಷವಿಡೀ ಅಟ್ಟದ ಮೇಲಿದ್ದ ಹೀಟರನ್ನು ಹಚ್ಚುವ ಮೊದಲು ಧೂಳು ತೆಗೆದು, ಕಿಟಕಿ ತೆರೆದು ಒಮ್ಮೆ ಕಾಯಿಸಿ, ಸುಟ್ಟ ವಾಸನೆ ಹೋದ ಬಳಿಕ ಒಳಗೆ ತನ್ನಿ.

ಮೂರನೆಯದು ಎಣ್ಣೆ ತುಂಬಿದ ಹೀಟರ್. ಇದು ನಿಧಾನವಾಗಿ ಕಾಯ್ದು, ಆರಿಸಿದ ಮೇಲೂ ಕೆಲಹೊತ್ತು ಬೆಚ್ಚಗಿರುತ್ತದೆ. ಬಿಸಿಯಾದ ಗಾಳಿ ಮೇಲೇರುತ್ತದೆ, ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ಚಳಿಗಾಲದ ರಾತ್ರಿ ಕಿಟಕಿಯ ಗಾಜಿಗೆ ತಾಗಿದ ಗಾಳಿ ತಣ್ಣಗಾಗಿ ನೆಲಕ್ಕೆ ಇಳಿದು ಹರಿಯುವುದರಿಂದಲೇ ಕೋಣೆಯಲ್ಲಿ ಕಾಲಿಗೆ ಮೊದಲು ಚಳಿ ಹತ್ತುತ್ತದೆ. ಈ ಹೀಟರನ್ನು ಹೊರಗೋಡೆಯ ಬಳಿ, ಕಿಟಕಿಯ ಮಗ್ಗುಲಿಗೆ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಟ್ಟರೆ ಏರುವ ಬಿಸಿಗಾಳಿ ಆ ತಣ್ಣನೆಯ ಗಾಳಿಯನ್ನು ಅಲ್ಲಿಯೇ ಎದುರುಗೊಳ್ಳುತ್ತದೆ. ಕಿಟಕಿಗೆ ಪರದೆಯಿದ್ದರೆ ಪರದೆಯಿಂದ 3 ಅಡಿ ಆಚೆಗಿಡಿ. ವೃದ್ಧರ ಹಾಗೂ ಮಕ್ಕಳ ಕೋಣೆಗೆ ಈ ಮೂರರಲ್ಲಿ ಇದೇ ವಾಸಿ. ಆದರೂ ಇದರ ಮೈ ಮುಟ್ಟಿದರೆ ಸುಡುತ್ತದೆ; ಇದರ ಮೇಲೆ ಒದ್ದೆ ಬಟ್ಟೆ ಒಣಹಾಕುವ ಅಭ್ಯಾಸವನ್ನು ಬಿಡಬೇಕು.

ಯಾವ ಬಗೆಯದಾದರೂ ಕೆಲವು ನಿಯಮಗಳು ಒಂದೇ. ಹಾಸಿಗೆ, ಪರದೆ, ಬಟ್ಟೆ, ಕಾಗದ, ಕಟ್ಟಿಗೆಯ ಸಾಮಾನು ಎಲ್ಲದರಿಂದ ಕನಿಷ್ಠ 3 ಅಡಿ ದೂರವಿರಬೇಕು. ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಸ್ಟೂಲಿನ ಮೇಲಾಗಲಿ, ಜಮಖಾನೆಯ ಮೇಲಾಗಲಿ ಇಡಬಾರದು. ಮಂಚದಿಂದ ಬಾಗಿಲಿಗೆ, ಮಂಚದಿಂದ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಇಡಬಾರದು; ರಾತ್ರಿ ಎದ್ದ ಅಜ್ಜ ಎಡವುವುದು ಅದರ ತಂತಿಯನ್ನೇ. ಸ್ನಾನದ ಮನೆಗೆ ಒಯ್ಯಲೇಬಾರದು. ದೇವರ ಜಗುಲಿಯ ಬಳಿ ಎಣ್ಣೆ, ಬತ್ತಿ, ಕರ್ಪೂರಗಳಿರುವುದರಿಂದ ಅಲ್ಲಿಯೂ ಬೇಡ.

ಪ್ಲಗ್ ಇರುವಲ್ಲಿ ಹೀಟರ್ ಇಡುವುದು ನಮ್ಮ ರೂಢಿ. ಹೀಟರಿಗೆ ತಕ್ಕ ಜಾಗ ನೋಡಿ ಅಲ್ಲಿಗೆ ಪ್ಲಗ್ ಹಾಕಿಸುವುದು ಸರಿಯಾದ ಕ್ರಮ. 2000 ವ್ಯಾಟ್ ಹೀಟರ್ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜಿಗೆ ಬಳಸುವ ಚಿಕ್ಕ ಪ್ಲಗ್ಗಿನ ಸಾಮರ್ಥ್ಯ 6 ಆಂಪಿಯರ್ ಮಾತ್ರ. 16 ಆಂಪಿಯರಿನ ದೊಡ್ಡ ಪ್ಲಗ್ಗಿಗೆ ನೇರವಾಗಿ ಜೋಡಿಸಬೇಕು. ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಪ್ಲಗ್ ಮುಟ್ಟಿದಾಗ ಬಿಸಿಯೆನಿಸಿದರೆ ಕೂಡಲೇ ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿರಿ. ಕೊಳ್ಳುವಾಗ ಐ.ಎಸ್.ಐ. ಮುದ್ರೆಯನ್ನೂ, ಮಗುಚಿದರೆ ತಾನೇ ಆರುವ ವ್ಯವಸ್ಥೆಯನ್ನೂ ನೋಡಿ ಕೊಳ್ಳಿ.

ಕಾವು ತಿಳಿಯದ ಕಾಲುಗಳು

ಕೆಲವು ವರ್ಷಗಳ ಹಿಂದೆ ಎಪ್ಪತ್ತು ದಾಟಿದ ತಾಯಿಯೊಬ್ಬರನ್ನು ಅವರ ಮಗ ಕರೆತಂದರು. ಇಪ್ಪತ್ತು ವರ್ಷಗಳ ಮಧುಮೇಹ. “ಕಾಲು ಥಣ್ಣಗ ಅನಸ್ತಾವ್ರಿ, ಹೀಟರ್ ಮುಂದ ಕುಂತ್ರೂ ಬೆಚ್ಚಗ ಆಗವಲ್ವು” ಎಂದರು. ಬೆಚ್ಚಗಾಗಲಿಲ್ಲವೆಂದು ದಿನದಿನಕ್ಕೆ ಹೀಟರನ್ನು ಹತ್ತಿರ ಸರಿಸಿಕೊಂಡಿದ್ದರು. ಕಾಲುಚೀಲ ಬಿಚ್ಚಿಸಿದಾಗ ಎರಡೂ ಪಾದಗಳ ಮೇಲೆ ಬೊಬ್ಬೆಗಳೆದ್ದು ಒಡೆದಿದ್ದವು. ಆಕೆಗೆ ನೋವೇ ಇರಲಿಲ್ಲ. ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಒಂದು ಬೆರಳು ಉಳಿಯಲಿಲ್ಲ.

ಬಹುಕಾಲದ ಮಧುಮೇಹದಲ್ಲಿ ಕಾಲಿನ ನರಗಳು ಸೊರಗಿ ಸ್ಪರ್ಶಜ್ಞಾನ ಕುಂದುತ್ತದೆ. ಆಗ ಪಾದ ತಣ್ಣಗಿದೆ ಎಂಬ ಭಾವನೆಯನ್ನು ನರವೇ ಹುಟ್ಟಿಸುತ್ತಿರಬಹುದು. ಎಷ್ಟು ಕಾವು ಕೊಟ್ಟರೂ ಆ ಭಾವನೆ ಹೋಗುವುದಿಲ್ಲ. ಚರ್ಮ ಮಾತ್ರ ಸುಡುತ್ತದೆ. ಪಾರ್ಶ್ವವಾಯು ಆದವರಿಗೂ ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಇಂಥವರ ಕೋಣೆಯಲ್ಲಿ ಹೀಟರಿನ ದೂರವನ್ನು ಮನೆಯ ಬೇರೊಬ್ಬರು, ರೋಗಿ ಕುಳಿತ ಜಾಗದಲ್ಲಿ ತಮ್ಮ ಕೈ ಹಿಡಿದು ನೋಡಿ ನಿಶ್ಚಯಿಸಬೇಕು. ಪಾದಗಳಿಗೆ ಉಣ್ಣೆಯ ಕಾಲುಚೀಲ ಸಾಕು. ಪ್ರತಿ ರಾತ್ರಿ ಪಾದಗಳನ್ನು ಬೆಳಕಿನಲ್ಲಿ ನೋಡುವುದು ಮಗ, ಸೊಸೆ, ಮೊಮ್ಮಕ್ಕಳ ಕೆಲಸವಾಗಲಿ.

ಸುಡದಷ್ಟು ಕಾವೂ ನಿತ್ಯ ಒಂದೇ ಜಾಗಕ್ಕೆ ತಾಗಿದರೆ ಹಾನಿಯೇ. ಮೊಳಕಾಲ ಕೆಳಗೆ ಬಲೆಯಂತೆ ಕಂದು ಗೆರೆಗಳು ಮೂಡಿದರೆ ಅದು ಕಾವಿನ ಗುರುತು. ಕಾಶ್ಮೀರದಲ್ಲಿ ಕೆಂಡದ ಕುಡಿಕೆಯಾದ ಕಾಂಗ್ರಿಯನ್ನು ನಿಲುವಂಗಿಯೊಳಗೆ ಹಿಡಿದುಕೊಳ್ಳುವ ರೂಢಿಯಿದೆ. ಹೊಟ್ಟೆ, ತೊಡೆಗಳಿಗೆ ವರ್ಷಗಟ್ಟಲೆ ಕಾವು ತಾಗಿ ಅಲ್ಲಿ ಹುಟ್ಟುವ ಚರ್ಮದ ಅರ್ಬುದಕ್ಕೆ ವೈದ್ಯರು ಕಾಂಗ್ರಿಯ ಹೆಸರನ್ನೇ ಇಟ್ಟಿದ್ದಾರೆ.

ಎಳೆಗೂಸಿನ ತೊಟ್ಟಿಲಿಗೆ ಹೀಟರನ್ನು ನೇರವಾಗಿ ಹಿಡಿಯಬೇಡಿ. ಕೂಸಿಗೆ ತಾಯಿಯ ಎದೆಯ ಬಿಸಿಗಿಂತ ಹಿತವಾದ ಕಾವು ಬೇರೊಂದಿಲ್ಲ. ಬರಿಮೈಯನ್ನು ಬರಿಮೈಗೆ ಒತ್ತಿಕೊಂಡು ಮೇಲೆ ಹೊದಿಸಿದರೆ ಕೂಸು ಬೆಚ್ಚಗಿರುತ್ತದೆ. ಅದರ ಕುತ್ತಿಗೆಯ ಹಿಂಭಾಗ ಬೆವರಿದ್ದರೆ ಕೋಣೆ ಹೆಚ್ಚು ಕಾಯ್ದಿದೆ ಎಂದು ತಿಳಿಯಿರಿ.

ಮಲಗುವ ಮುನ್ನ

ಚರಕರು ಅಗ್ನಿಯಿಲ್ಲದ ಸ್ವೇದಗಳೆಂದು ಹತ್ತನ್ನು ಎಣಿಸಿದ್ದಾರೆ. ಅವುಗಳಲ್ಲಿ ಬೆಚ್ಚನೆಯ ಮನೆ, ದಪ್ಪ ಹೊದಿಕೆ, ಬಿಸಿಲು, ವ್ಯಾಯಾಮ ಇವೆ. ನಮ್ಮ ಸೀಮೆಯ ಕುರಿಯುಣ್ಣೆಯ ಕಂಬಳಿ ದಪ್ಪ ಹೊದಿಕೆಯೇ ಸರಿ. ಮಲಗುವುದಕ್ಕೆ ಅರ್ಧ, ಮುಕ್ಕಾಲು ತಾಸು ಮೊದಲು ಹೀಟರ್ ಹಚ್ಚಿ ಕೋಣೆಯನ್ನು ಬೆಚ್ಚಗೆ ಮಾಡಿಕೊಳ್ಳಿ. ದೀಪ ಆರಿಸುವ ಮೊದಲು ಹೀಟರನ್ನೂ ಆರಿಸಿ ಪ್ಲಗ್ ಕಿತ್ತಿಡಿ. ಮುಂದಿನ ರಾತ್ರಿಯನ್ನು ಕಂಬಳಿಗೆ ಬಿಡಿ. ಹಗಲು ದಕ್ಷಿಣದ ಕಿಟಕಿ ತೆರೆದು ಬಿಸಿಲನ್ನು ಒಳಗೆ ಬಿಟ್ಟು, ಸಂಜೆ ಐದಕ್ಕೆ ಪರದೆ ಎಳೆದರೆ ಹೀಟರಿನ ಕೆಲಸ ಅರ್ಧ ಮುಗಿದಂತೆ. ಭೋಗಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಹಿರಿಯರು ಈ ಕಾಲಕ್ಕೇ ಇಟ್ಟದ್ದೂ ಮೈಯ ಒಳಗಿನ ಅಗ್ನಿಯನ್ನು ಬಲ್ಲವರಾದ್ದರಿಂದ.

ಒಂದು ವಿಶೇಷ ಎಚ್ಚರಿಕೆ. ಹೇಮಂತದಲ್ಲಿ ಅಭ್ಯಂಗ ಉತ್ತಮವೆಂದು ನಾವೇ ಹೇಳುತ್ತೇವೆ. ಎಣ್ಣೆ ಹಚ್ಚಿದ ಮೈಯಲ್ಲಿ, ಎಣ್ಣೆ ಹೀರಿದ ಬಟ್ಟೆಯಲ್ಲಿ ಹೀಟರಿನ ಮುಂದೆ ಕುಳಿತುಕೊಳ್ಳಬೇಡಿ. ಎಣ್ಣೆಬಟ್ಟೆಗೆ ಕಿಡಿಯೊಂದೇ ಸಾಕು. ಅಭ್ಯಂಗದ ನಂತರದ ಕಾವಿಗೆ ಬಿಸಿನೀರಿನ ಸ್ನಾನವಿದೆ.

ಕೆಂಡ ಇಟ್ಟ ಕೋಣೆಯಲ್ಲಿ ಇದ್ದವರಿಗೆಲ್ಲ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬಂದರೆ ಪಿತ್ತವೆಂದು ಕಷಾಯ ಕಾಯಿಸುತ್ತ ಕೂಡಬೇಡಿ. ಮೊದಲು ಎಲ್ಲರನ್ನೂ ಹೊರಗೆ ತನ್ನಿ, 108ಕ್ಕೆ ಕರೆ ಮಾಡಿ, ಆಮ್ಲಜನಕವಿರುವ ಆಸ್ಪತ್ರೆಗೆ ಒಯ್ಯಿರಿ. ಆ ಗಳಿಗೆಯಲ್ಲಿ ನನ್ನಂಥ ವೈದ್ಯನ ಯಾವ ಔಷಧವೂ ಅದಕ್ಕೆ ಸಮವಲ್ಲ.

ಆ ನಸುಕಿನ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಬಾಣಂತಿಯ ಚೀಟಿಯಲ್ಲಿ ಎಣ್ಣೆ, ಕಷಾಯಗಳ ಕೆಳಗೆ ನನ್ನ ಕೈಯಾರೆ ಇನ್ನೊಂದು ಸಾಲು ಬರೆಯುತ್ತೇನೆ: “ಮಲಗುವ ಕೋಣೆಯಲ್ಲಿ ಕೆಂಡ ಬೇಡ, ಕಿಟಕಿ ನಾಲ್ಕು ಬೆರಳು ತೆರೆದಿರಲಿ.” ಅಂದಿನ ಕೂಸಿಗೆ ಈಗ ಮೂವತ್ತು ದಾಟಿದೆ. ಹೋದ ವರ್ಷ ತನ್ನ ಹೆಂಡತಿಯ ಬಾಣಂತನಕ್ಕೆ ಔಷಧ ಕೇಳಲು ಬಂದಿದ್ದ. ಅವನ ಕೈಗೆ ಕೊಟ್ಟ ಚೀಟಿಯಲ್ಲಿಯೂ ಆ ಸಾಲು ಇತ್ತು. ಓದಿ, ತನ್ನ ಅಜ್ಜಿ ಆ ರಾತ್ರಿಯ ಕಥೆಯನ್ನು ಇಂದಿಗೂ ಹೇಳುತ್ತಾಳೆಂದು ನಕ್ಕ. ನಾನು ಅವನಿಗೆ ಕೋಣೆಯ ನಕ್ಷೆಯನ್ನು ಚೀಟಿಯ ಹಿಂಬದಿಗೆ ಬರೆಯಲು ಹೇಳಿ, ಕಿಟಕಿ ಎಲ್ಲಿ, ಬಾಗಿಲು ಎಲ್ಲಿ, ತೊಟ್ಟಿಲು ಎಲ್ಲಿ ಎಂದು ಕೇಳಿ, ಹೀಟರ್ ಇಡುವ ಜಾಗಕ್ಕೆ ಗುರುತು ಹಾಕಿಕೊಟ್ಟೆ.

ನೀವೂ ಇಂದು ರಾತ್ರಿ ಹೀಟರ್ ಹಚ್ಚುವ ಮೊದಲು ಕೋಣೆಯ ನಡುವೆ ನಿಂತು ಒಮ್ಮೆ ಸುತ್ತ ನೋಡಿರಿ. ಮೂರು ಅಡಿಯೊಳಗೆ ಏನಿದೆ, ಬಾಗಿಲಿಗೆ ದಾರಿ ಇದೆಯೇ, ಗಾಳಿಗೆ ಕಿಂಡಿ ಇದೆಯೇ ಎಂದು ಕೇಳಿಕೊಳ್ಳಿರಿ. ಎಲ್ಲರೂ ಬೆಚ್ಚಗಿರಿ, ಕ್ಷೇಮವಾಗಿರಿ.